ಹಡಗಿನಲ್ಲಿ ಬೀಗಿತ್ತಿಯರ ಕೋಣೆ

ಶ್ರೀರಂಗಪಟ್ಟಣ
೬ ನವೆಂಬರ್ ೨೦೨೪

ಶ್ರೀಮತಿ ಬೈರಮ್ಮ ಅವರಿಗೆ,

ನಮಸ್ಕಾರ. ನನ್ನ ಮಗಳು ರಂಜನಿ ನಿಮ್ಮ ಸೊಸೆಯಾಗಿ ನಾಲ್ಕನೇ ವರ್ಷ ನಡೆಯುತ್ತಿದೆ. ನಾನು ನಿಮಗೆ ಬರೆಯುತ್ತಿರುವ ಮೊದಲ ಕಾಗದ ಇದು. ಫೋನ್ ಮಾಡಬಹುದಿತ್ತಲ್ಲ ಎಂದು ನೀವು ಅಂದುಕೊಳ್ಳಬಹುದು. ಫೋನಿನಲ್ಲಿ ಮಾತಾಡುವುದು ನನಗೆ ಒಗ್ಗುವುದಿಲ್ಲ. ಇಷ್ಟು ವರ್ಷ ಶಾಲೆಯಲ್ಲಿ ಕನ್ನಡ ಪಾಠ ಹೇಳಿದವಳು, ಬರೆದರೇ ನನಗೆ ಸಮಾಧಾನ.

ವಿಷಯ ನಿಮಗೂ ಗೊತ್ತಿರುವುದೇ. ಶಿವಶಂಕರ್ ಮತ್ತು ರಂಜನಿ ನಮ್ಮ ನಾಲ್ವರನ್ನೂ ಹಡಗಿನಲ್ಲಿ ಕಳಿಸಬೇಕೆಂದು ದುಡ್ಡು ಎತ್ತಿಟ್ಟಿದ್ದಾರೆ. ಮುಂಬೈಯಿಂದ ಹೊರಟು ಲಕ್ಷದ್ವೀಪ ನೋಡಿಕೊಂಡು ವಾಪಸು ಬರುವ ಹಡಗು, ಫೆಬ್ರವರಿಯ ಕೊನೆಯಲ್ಲಿ, ನಾಲ್ಕು ರಾತ್ರಿ. ನಮ್ಮ ಮನೆಯವರು ದೇವಸ್ಥಾನದ ಪೂಜೆ ಬಿಟ್ಟು ಬರುವುದಿಲ್ಲ ಎಂದರು. ನಿಮ್ಮ ಯಜಮಾನರು ಹಸುಗಳನ್ನು ಬಿಟ್ಟು ಬರುವುದಿಲ್ಲ ಎಂದರಂತೆ. ಉಳಿದವರು ನಾವಿಬ್ಬರು.

ಈಗ ಕೋಣೆಯ ಪ್ರಶ್ನೆ ಬಂದಿದೆ. ಹಡಗಿನಲ್ಲಿ ಮೂರು ಥರದ ಕೋಣೆಗಳಿವೆಯಂತೆ. ಒಂದು, ಹಡಗಿನ ನಡುಮಧ್ಯದ ಒಳಕೋಣೆ. ಅದಕ್ಕೆ ಕಿಟಕಿಯೇ ಇಲ್ಲ, ದೀಪ ಆರಿಸಿದರೆ ಹಗಲೂ ರಾತ್ರಿಯೂ ಒಂದೇ. ಇನ್ನೊಂದಕ್ಕೆ ಗಾಜಿನ ಕಿಟಕಿ ಇದೆ, ಅದು ತೆರೆಯುವುದಿಲ್ಲ. ಮೂರನೆಯದಕ್ಕೆ ಬಾಲ್ಕನಿ. ಬಾಗಿಲು ತೆಗೆದು ಕುರ್ಚಿ ಹಾಕಿಕೊಂಡು ಕೂತರೆ ಎದುರಿಗೆ ಸಮುದ್ರ. ಮಕ್ಕಳು ಎತ್ತಿಟ್ಟ ದುಡ್ಡಿನಲ್ಲಿ ಇಬ್ಬರಿಗೂ ಸೇರಿ ಒಂದು ಬಾಲ್ಕನಿ ಕೋಣೆ ಬರುತ್ತದೆ, ಇಲ್ಲವೇ ತಲೆಗೊಂದರಂತೆ ಎರಡು ಒಳಕೋಣೆ ಬರುತ್ತವೆ. ಡಿಸೆಂಬರ್ ಕೊನೆಯೊಳಗೆ ಹೇಳಿ ಎಂದು ರಂಜನಿ ದುಂಬಾಲು ಬಿದ್ದಿದ್ದಾಳೆ.

ಗಂಡಿನ ತಾಯಿ ನೀವು. ಆಯ್ಕೆ ನಿಮ್ಮದೇ. ನನ್ನ ಅಭಿಪ್ರಾಯ ಕೇಳುವುದಾದರೆ ಎರಡು ಒಳಕೋಣೆ ಅನುಕೂಲ. ಮಲಗುವುದಕ್ಕೆ ಕಿಟಕಿ ಏಕೆ? ಸಮುದ್ರ ನೋಡಬೇಕೆಂದರೆ ಹಡಗಿನ ಮೇಲಕ್ಕೆ ಹೋದರಾಯಿತು, ಅಲ್ಲಿ ಎಲ್ಲರಿಗೂ ಒಂದೇ ಸಮುದ್ರ.

ಉತ್ತರ ಬರೆಯಿರಿ.

ಇಂತಿ,
ಇಂದಿರಾ ಶ್ರೀನಿವಾಸಮೂರ್ತಿ

---

ಕಿಕ್ಕೇರಿ
೧೭ ನವೆಂಬರ್ ೨೦೨೪

ಬೀಗಿತ್ತಿ ಇಂದಿರಮ್ಮನವರಿಗೆ ಬೈರಮ್ಮ ಮಾಡುವ ನಮಸ್ಕಾರ.

ನಿಮ್ಮ ಕಾಗದ ತಂದ ದಿನ ಪೋಸ್ಟಿನವನು ಅಂಗಳದಲ್ಲೇ ನಿಂತುಬಿಟ್ಟ. "ಯಾರ್ದಕ್ಕಾ ಇದು, ಕೋರ್ಟಿಂದಾ?" ಎಂದು ಕೇಳಿದ. ನಮ್ಮ ಮನೆಗೆ ಕೈಬರಹದ ಕಾಗದ ಬಂದು ಅಷ್ಟು ಕಾಲವಾಗಿದೆ. "ನಮ್ ಬೀಗ್ತಿದು ಕಣಪ್ಪ" ಎಂದೆ. ಹಾಗೆ ಹೇಳುವಾಗ ಒಂಚೂರು ಜಂಬವೇ ಬಂದಿತ್ತು. ಆಮೇಲೆ ಒಡೆದು ಓದಿದೆ.

ನಾನು ನಿಮ್ಮಷ್ಟು ಓದಿದವಳಲ್ಲ. ಆದರೂ ಎಸ್ಸೆಸ್ಸೆಲ್ಸಿ ಪಾಸಾಗಿದ್ದೇನೆ, ಹೆಂಗಸರ ಡೈರಿಯ ಲೆಕ್ಕಪತ್ರವೆಲ್ಲ ನಾನೇ ಬರೆಯುವುದು. ಹಾಗಾಗಿ ಕಾಗದಕ್ಕೆ ಕಾಗದ ಬರೆಯಬಲ್ಲೆ. ನಾನು ಗಂಡಿನ ತಾಯಿ ಎಂದು ನಿಮಗೆ ನಾಲ್ಕು ವರ್ಷದ ಮೇಲೆ ನೆನಪಾಯಿತಲ್ಲ, ಸಂತೋಷ. ಆದರೆ ಆಯ್ಕೆ ನಿಮ್ಮದು ಎಂದು ಬರೆದು, ಅದರ ಕೆಳಗಿನ ಸಾಲಿನಲ್ಲೇ ನಿಮ್ಮ ಆಯ್ಕೆಯನ್ನೂ ಬರೆದುಬಿಟ್ಟಿದ್ದೀರಿ. ಎಲೆ ಹಾಕಿ ಕೂರಿಸಿ, ಬಡಿಸುವ ಮೊದಲೇ ಏಳಿ ಅಂದ ಹಾಗಾಯಿತು.

ನನ್ನ ಆಯ್ಕೆ ಬಾಲ್ಕನಿ. ನಾನು ಸಮುದ್ರವನ್ನೇ ನೋಡಿದವಳಲ್ಲ. ಕನ್ನಂಬಾಡಿ ಕಟ್ಟೆಯ ಹಿನ್ನೀರು ಬಿಟ್ಟರೆ ಅದಕ್ಕಿಂತ ದೊಡ್ಡ ನೀರು ನನ್ನ ಕಣ್ಣಿಗೆ ಬಿದ್ದಿಲ್ಲ. ಬೆಳಿಗ್ಗೆ ಎದ್ದು ಬಾಗಿಲು ತೆಗೆದರೆ ಸಮುದ್ರ ಇರುತ್ತದೆ ಎಂದು ಶಿವಶಂಕರ ಹೇಳಿದಾಗಿನಿಂದ ನನಗೆ ಅದೇ ಧ್ಯಾನವಾಗಿದೆ. ಕಿಟಕಿಯಿಲ್ಲದ ಕತ್ತಲೆ ಕೋಣೆಯಲ್ಲಿ ಮಲಗುವುದಕ್ಕೆ ಮುಂಬೈವರೆಗೆ ಯಾಕೆ ಹೋಗಬೇಕು? ನಮ್ಮ ಮನೆಯಲ್ಲೇ ಹಿಂದೆ ರಾಗಿ ತುಂಬುತ್ತಿದ್ದ ಹಗೇವು ಇದೆ, ಏಣಿ ಹಾಕಿ ಇಳಿದರೆ ಆಯಿತು. ನಮ್ಮ ಯಜಮಾನರಿಗೆ ನಿಮ್ಮ ಕಾಗದ ಓದಿ ಹೇಳಿದೆ. "ಅಲ್ಲ ಕಣಮ್ಮಿ, ನೀವು ಓಗೋದು ಸಮುದ್ರ ನೋಡಕ್ಕೋ, ಮುಸುಕಾಕ್ಕೊಂಡು ನಿದ್ದೆ ಮಾಡಕ್ಕೋ?" ಎಂದರು.

ಸುತ್ತಿ ಬಳಸಿ ಬರೆಯುವುದು ನನಗೆ ಬರುವುದಿಲ್ಲ. ನೇರವಾಗಿ ಕೇಳುತ್ತೇನೆ. ನನ್ನ ಜೊತೆ ಒಂದೇ ಕೋಣೆಯಲ್ಲಿ ಇರುವುದಕ್ಕೆ ನಿಮಗೆ ಅಡ್ಡಿ ಇದೆಯೇ?

ಇಂತಿ ನಿಮ್ಮ ಬೀಗಿತ್ತಿ,
ಬೈರಮ್ಮ

---

ಶ್ರೀರಂಗಪಟ್ಟಣ
೨೬ ನವೆಂಬರ್ ೨೦೨೪

ಶ್ರೀಮತಿ ಬೈರಮ್ಮ ಅವರಿಗೆ,

ಅಡ್ಡಿ ಎಂದೇನೂ ಇಲ್ಲ. ನನ್ನಿಂದ ನಿಮಗೆ ತೊಂದರೆಯಾಗಬಾರದು ಎಂಬುದಷ್ಟೇ ನನ್ನ ಯೋಚನೆ. ನಾನು ನಸುಕಿಗೇ ಎದ್ದು ಸ್ನಾನ ಮಾಡುವವಳು. ನೀರಿನ ಸದ್ದಿಗೆ ನಿಮ್ಮ ನಿದ್ದೆ ಕೆಡುತ್ತದೆ. ಗೊರಕೆಯೂ ಇದೆ ಎಂದು ನಮ್ಮ ಮನೆಯವರು ಹೇಳುತ್ತಾರೆ. ಮಲಗುವ ಮೊದಲು ದೀಪ ಹಾಕಿಕೊಂಡು ಓದುವ ಅಭ್ಯಾಸ ಬೇರೆ.

ಇನ್ನೊಂದು ಸಂಗತಿ ವಿಚಾರಿಸಿದ್ದೇನೆ. ಕೆಳಗಿನ ಅಂತಸ್ತಿನಲ್ಲಿ, ಹಡಗಿನ ನಡುವೆ ಇರುವ ಕೋಣೆಗಳು ಅಷ್ಟಾಗಿ ಅಲ್ಲಾಡುವುದಿಲ್ಲವಂತೆ. ಎತ್ತರದ ಬಾಲ್ಕನಿಯಲ್ಲಿ ತೂಗಾಟ ಹೆಚ್ಚು. ಮೊದಲ ಸಲ ಹೋಗುವವರಿಗೆ ತಲೆಸುತ್ತು, ವಾಂತಿ ಆಗುವುದುಂಟಂತೆ. ಈ ವಯಸ್ಸಿನಲ್ಲಿ ಅದನ್ನೂ ನೋಡಬೇಕು.

ಭಾನುವಾರ ರಂಜನಿ ಪಾಂಡವಪುರದ ತಮ್ಮ ಮನೆಯಿಂದ ಬಂದಿದ್ದಳು. ಎರಡು ಕೋಣೆ ಎಂದೆ. "ಅಮ್ಮ, ನಾಲ್ಕು ರಾತ್ರಿ ಅತ್ತೆ ಜೊತೆ ಒಂದು ರೂಮಲ್ಲಿ ಇದ್ರೆ ನಿಂಗೆ ಏನಾಗತ್ತೆ?" ಎಂದು ರೇಗಿದಳು. ಊಟ ಅರ್ಧಕ್ಕೇ ಬಿಟ್ಟು ಎದ್ದು ಹೋದಳು. ಅವಳಿಗೆ ನೀವೇ ಒಂದು ಮಾತು ತಿಳಿಹೇಳಿದರೆ ಒಳ್ಳೆಯದು. ನಿಮ್ಮ ಮಾತು ಕೇಳುತ್ತಾಳೆ.

ಇಂತಿ,
ಇಂದಿರಾ ಶ್ರೀನಿವಾಸಮೂರ್ತಿ

---

ಕಿಕ್ಕೇರಿ
೪ ಡಿಸೆಂಬರ್ ೨೦೨೪

ಇಂದಿರಮ್ಮನವರಿಗೆ,

ಗೊರಕೆಯಂತೆ, ನೀರಿನ ಸದ್ದಂತೆ. ನಮ್ಮ ಯಜಮಾನರ ಗೊರಕೆಗೆ ಕೊಟ್ಟಿಗೆಯ ಹಸು ಕಿವಿ ನಿಮಿರಿಸುತ್ತದೆ. ಅದರ ಪಕ್ಕದಲ್ಲೇ ಇಷ್ಟು ವರ್ಷ ನಿದ್ದೆ ಮಾಡಿದವಳಿಗೆ ಈ ಕತೆ ಹೇಳುತ್ತೀರಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ನಿಮಗೆ ನನ್ನ ಜೊತೆ ಇರಲು ಆಗುವುದಿಲ್ಲ. ಕಾರಣ ನಿಮಗೂ ಗೊತ್ತು, ನನಗೂ ಗೊತ್ತು. ನಾಲ್ಕು ವರ್ಷದಿಂದ ನುಂಗಿಕೊಂಡಿದ್ದೇನೆ, ಇವತ್ತು ಬರೆದುಬಿಡುತ್ತೇನೆ.

ಮಕ್ಕಳು ರಿಜಿಸ್ಟರ್ ಆಫೀಸಿನಲ್ಲಿ ಮದುವೆಯಾದರು, ಇರಲಿ. ಒಂದು ಬೀಗರೂಟವಾದರೂ ಮಾಡೋಣ ಎಂದೆವು. ನಮ್ಮ ಕಡೆ ಬೀಗರೂಟ ಅಂದರೆ ಬಾಡೂಟ. ಅದು ನಿಮಗೂ ಗೊತ್ತಿರುತ್ತದೆ, ಮಂಡ್ಯ ಸೀಮೆಯಲ್ಲೇ ಹುಟ್ಟಿ ಬೆಳೆದವರು ನೀವು. ಆದರೂ ನಿಮ್ಮವರು ಬರುತ್ತಾರೆ, ಅವರಿಗೆ ಮುಜುಗರವಾಗಬಾರದು ಎಂದು ಅವತ್ತು ಮನೆಯಲ್ಲಿ ಒಂದು ತುಂಡು ಬಾಡು ಬೇಯಿಸಲಿಲ್ಲ. ಮೇಲುಕೋಟೆಯಿಂದ ಅಡುಗೆಯವರನ್ನು ಕರೆಸಿದೆ. ಪಾತ್ರೆಗಳನ್ನೂ ಅವರೇ ತಂದರು, ನಮ್ಮ ಮನೆಯ ಒಂದು ಸೌಟೂ ಮುಟ್ಟಿಸಲಿಲ್ಲ. ಪುಳಿಯೋಗರೆ, ಕೋಸಂಬರಿ, ಸಕ್ಕರೆ ಪೊಂಗಲು. ಯಜಮಾನರ ಅಣ್ಣ ಎಲೆಯ ಮುಂದೆ ಕೂತು ನೋಡಿದರು. "ಏನ್ಲಾ ಮರಿಸ್ವಾಮಿ, ತಿಥಿಗೂ ಬಾಡಿಕ್ತಾರೆ ಕಣ್ಲಾ, ಬೀಗರೂಟಕ್ಕೆ ಕೋಸಂಬ್ರಿ ಇಕ್ಕಿದ್ದೀಯಲ್ಲಾ!" ಎಂದು ಎದ್ದೇ ಹೋದರು. ಅವರ ಹಿಂದೆ ಅರ್ಧ ಪಂಕ್ತಿ ಎದ್ದಿತು.

ನಿಮ್ಮ ಕಡೆಯವರಿಗೆ ಎಂದು ಹಾಕಿದ್ದ ಎಲೆಗಳು ಹಾಗೇ ಬಾಡಿಹೋದವು. ಸಂಜೆಗೆ ನಿಮ್ಮ ಮಗ ವಿನಯ್ ಬಂದು ಹಣ್ಣಿನ ಬುಟ್ಟಿ ಇಟ್ಟು, ಕೊಟ್ಟ ನೀರನ್ನೂ ಕುಡಿಯದೆ ಹೋದ. ಇವತ್ತಿಗೂ ಊರಲ್ಲಿ ಗುರುತು ಹೇಳುವಾಗ ನಮ್ಮದು ಬಾಡಿಲ್ಲದ ಬೀಗರೂಟದ ಮನೆ. ನಮ್ಮವರೂ ಉಣ್ಣಲಿಲ್ಲ, ನಿಮ್ಮವರೂ ಉಣ್ಣಲಿಲ್ಲ.

ಹಡಗಿನ ಮಾತು ಆಮೇಲೆ. ಮೊದಲು ನಮ್ಮ ಮನೆಗೆ ಬನ್ನಿ. ಒಂದು ಊಟ ಮಾಡಿ, ಒಂದು ರಾತ್ರಿ ನಾನು ಮಲಗುವ ಕೋಣೆಯಲ್ಲೇ ಮಲಗಿ ನೋಡಿ. ಅದು ನಿಮ್ಮಿಂದ ಆಗುವುದಾದರೆ ಬಾಲ್ಕನಿ. ಆಗದಿದ್ದರೆ ಒಳಕೋಣೆಯೂ ಬೇಡ, ಹಡಗೂ ಬೇಡ. ರಂಜನಿಗೆ ನಾನೇ ಹೇಳುತ್ತೇನೆ. ಅವಳಿಗೆ ನೋವಾಗುತ್ತದೆ, ಅದೊಂದೇ ನನಗೆ ಸಂಕಟ. ಅವಳನ್ನು ಚೆನ್ನಾಗಿ ಬೆಳೆಸಿದ್ದೀರಿ.

ಬೈರಮ್ಮ

---

ಶ್ರೀರಂಗಪಟ್ಟಣ
೩೦ ಡಿಸೆಂಬರ್ ೨೦೨೪

ಬೈರಮ್ಮನವರಿಗೆ,

ಜನವರಿ ಐದು, ಭಾನುವಾರ, ಬರುತ್ತೇನೆ. ಪಾಂಡವಪುರಕ್ಕೆ ಬಂದು, ಅಲ್ಲಿಂದ ಕೆ.ಆರ್. ಪೇಟೆ ಮೇಲೆ ಕಿಕ್ಕೇರಿಗೆ ಬಸ್ಸಿದೆ ಎಂದು ವಿಚಾರಿಸಿಕೊಂಡಿದ್ದೇನೆ. ರಂಜನಿಗೆ ತಿಳಿಸಿಲ್ಲ. ನೀವೂ ಈಗಲೇ ಹೇಳಬೇಡಿ. ಕೋಣೆಯ ವಿಷಯದಲ್ಲಿ ಇನ್ನೂ ಸ್ವಲ್ಪ ದಿನ ಕಾಯಲು ಅವಳಿಗೆ ಹೇಳಿದ್ದೇನೆ.

ಉತ್ತರ ತಡವಾಯಿತು. ನಿಮ್ಮ ಕಾಗದ ಓದಿದ ಮೇಲೆ ಬರೆಯಲು ಕೂತಾಗಲೆಲ್ಲ ಹರಿದುಹಾಕಿದ್ದೇ ಆಯಿತು. ನೀವು ಬಾಡು ಮಾಡಿಸಲಿಲ್ಲ ಎಂದು ನಮಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಬರುತ್ತಿದ್ದೆವು ಎಂದು ಬರೆದರೆ ಅದೂ ಸುಳ್ಳಾಗುತ್ತದೆ.

ನಮ್ಮ ಮನೆಯವರಿಗೆ ಕಾಗದ ತೋರಿಸಿದೆ. ಪೂರ್ತಿ ಓದಿ ಮಡಿಸಿ ಕೊಟ್ಟರು. ಹೋಗಲೇ ಎಂದು ಕೇಳಿದೆ. "ಹೋಗೋದಾದ್ರೆ ಹೋಗ್ಬಿಟ್ಟು ಬಾ. ನನ್ನ ಕೇಳ್ಬೇಡ. ಕೇಳಿದ್ರೆ ನಾನು ಉತ್ತರ ಹೇಳ್ಬೇಕಾಗತ್ತೆ" ಎಂದರು. ಅಷ್ಟು ಹೇಳಿದ್ದೇ ಅವರ ಮಟ್ಟಿಗೆ ದೊಡ್ಡದು.

ನನಗಾಗಿ ವಿಶೇಷವಾಗಿ ಏನೂ ಮಾಡಬೇಡಿ. ಈರುಳ್ಳಿ ಬೆಳ್ಳುಳ್ಳಿ ತಿಂದು ಅಭ್ಯಾಸವಿಲ್ಲ, ಅದೊಂದು ಬಿಟ್ಟು ನೀವು ಏನು ಉಣ್ಣುತ್ತೀರೋ ಅದು.

ಇಂತಿ,
ಇಂದಿರ

---

ಕಿಕ್ಕೇರಿ
೯ ಜನವರಿ ೨೦೨೫

ಬೀಗಿತ್ತಿ ಇಂದಿರಮ್ಮನವರಿಗೆ ಬೈರಮ್ಮನ ನಮಸ್ಕಾರ.

ಸುಖವಾಗಿ ಮುಟ್ಟಿದಿರಿ ಎಂದು ರಂಜನಿ ಹೇಳಿದಳು. ಗುಟ್ಟು ನಿಲ್ಲಲಿಲ್ಲ. ನಮ್ಮ ಯಜಮಾನರು ಮಾರನೇ ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಹೋದವರು ಅಲ್ಲೇ ಸಾರಿಬಿಟ್ಟಿದ್ದರು: "ನಮ್ ಬೀಗ್ತಿ ಬಂದವ್ರೆ ಕಣ್ರಲಾ, ಮುದ್ದೆ ಉಂಡವ್ರೆ!" ಅದು ನಾಗಮಂಗಲದಲ್ಲಿರುವ ಶಿವಶಂಕರನ ಪಶು ಆಸ್ಪತ್ರೆಯವರೆಗೆ ಹೋಗಿ, ಅವನಿಂದ ಇವಳಿಗೆ ತಲುಪಿದೆ.

ಮುದ್ದೆ ಉಂಡಿರಿ ಅನ್ನುವುದಕ್ಕಿಂತ ಮುದ್ದೆಯ ಜೊತೆ ಜಗಳವಾಡಿದಿರಿ ಅನ್ನಬೇಕು. ಯಜಮಾನರು "ಅಗೀಬ್ಯಾಡಿ ತಾಯಿ, ನುಂಗ್ಬುಡಿ, ಒಳಿಕ್ಕೆ ಅದೇ ದಾರಿ ನೋಡ್ಕತದೆ" ಎಂದು ಹೇಳುತ್ತಲೇ ಇದ್ದರು. ನೀವು ಚಕ್ಕುಲಿ ತಿನ್ನುವವರ ಹಾಗೆ ಅಗಿಯುತ್ತಲೇ ಇದ್ದಿರಿ. ಅದನ್ನು ನೋಡಿ ನನಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಬೆಳ್ಳುಳ್ಳಿ ಹಾಕದ ಉಪ್ಸಾರು ನಮಗೆ ರುಚಿಸಲಿಲ್ಲ, ಅದು ಬೇರೆ ಮಾತು. ನೀವು ಎಲೆಯಲ್ಲಿ ಒಂದು ಚೂರೂ ಬಿಡಲಿಲ್ಲ.

ಈಗ ಒಂದು ತಪ್ಪು ಒಪ್ಪಿಸುವುದಿದೆ. ಬೆಳಿಗ್ಗೆ ನೀವು ಬಚ್ಚಲಿಗೆ ಹೋಗಿದ್ದಾಗ ಹಾಸಿಗೆ ಸುತ್ತಿಡಲು ಹೋದೆ. ದಿಂಬಿನ ಕೆಳಗೆ ಒಂದು ಪುಟ್ಟ ಡಬ್ಬಿ ಇತ್ತು. ಮಾತ್ರೆ ಇರಬೇಕು, ಮರೆತು ಹೋಗಿದ್ದಾರೆ ಎಂದು ತೆಗೆದು ನೋಡಿದೆ. ಕಿವಿಗೆ ಹಾಕುವ ಮೆಷೀನು. ಎರಡಿದ್ದವು. ಅಂದರೆ ಎರಡೂ ಕಿವಿ.

ಮುಚ್ಚಿ ಇದ್ದಲ್ಲೇ ಇಟ್ಟು ಅಡುಗೆಮನೆಗೆ ಬಂದು ಕೂತುಬಿಟ್ಟೆ. ಫೋನು ಒಗ್ಗುವುದಿಲ್ಲ ಅಂದದ್ದು ಇದಕ್ಕೇ. ಮದುವೆಯ ದಿನ ನಾನು ಹಿಂದಿನಿಂದ ಕೂಗಿದರೂ ತಿರುಗದೆ ಹೋದದ್ದೂ ಇದಕ್ಕೇ ಇರಬೇಕು. ಮಾತಾಡುವಾಗ ನನ್ನ ಬಾಯಿಯನ್ನೇ ಗುರಾಯಿಸುತ್ತೀರಿ, ನನ್ನ ಮಾತಿನ ರೀತಿಗೆ ಮೂಗು ಮುರಿಯುತ್ತೀರಿ ಎಂದು ನಾನು ಇಷ್ಟು ದಿನ ಅಂದುಕೊಂಡಿದ್ದೆ. ಒಂದು ಮಾತು ಹೇಳಬಾರದಿತ್ತೇ? ಮುಚ್ಚಿಟ್ಟುಕೊಳ್ಳಲು ಕಿವಿಯೇನು ಕದ್ದ ಮಾಲೇ?

ಇದಕ್ಕಿಂತ ದೊಡ್ಡ ಫಜೀತಿ ಇನ್ನೊಂದಿದೆ. ದೀಪ ಆರಿಸಿದ ಮೇಲೆ ನಾನು ನಿಮ್ಮ ಜೊತೆ ಮಾತಾಡಿದೆ. ಒಂದೆರಡು ಮಾತಲ್ಲ. ಬೈಯಬೇಕಾದದ್ದನ್ನು ಕಾಗದದಲ್ಲೇ ಬೈದಿದ್ದೆ, ಅವತ್ತು ಹೇಳಿದ್ದೆಲ್ಲ ಬೇರೆ. ನಮ್ಮ ಯಜಮಾನರ ಹತ್ತಿರವೂ ಹೇಳದ್ದು, ರಂಜನಿ ಈ ಮನೆಗೆ ಬಂದ ಮೇಲೆ ನನ್ನೊಳಗೆ ಏನೇನು ನಡೆಯಿತು ಎಂಬುದು. ನೀವು ಒಂದಕ್ಕೂ ಹೂಂ ಅನ್ನಲಿಲ್ಲ. ಎಚ್ಚರವಿದ್ದೇ ಸುಮ್ಮನಿದ್ದೀರಿ, ಇವರ ಬಿಗುಮಾನ ಇಷ್ಟೇ ಎಂದು ಗೋಡೆಯ ಕಡೆ ತಿರುಗಿ ಮಲಗಿದೆ. ಬೆಳಿಗ್ಗೆ ಡಬ್ಬಿ ನೋಡಿದ ಮೇಲೆ ತಿಳಿಯಿತು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು ಎಂದು ಬರೆಯುವವಳಿದ್ದೆ. ಬೀಗಿತ್ತಿಯನ್ನು ಕೋಣ ಅನ್ನಬಾರದು ಎಂದು ಕೈ ತಡೆದೆ.

ಏನು ಹೇಳಿದೆ ಎಂದು ಕೇಳಬೇಡಿ. ಬರೆಯಲು ನನಗೆ ಆಗುವುದಿಲ್ಲ.

ಕೋಣೆಯ ವಿಷಯ ಇನ್ನು ನಿಮಗೆ ಬಿಟ್ಟದ್ದು. ಕಿವಿಯ ಕಾರಣಕ್ಕೆ ಒಬ್ಬರೇ ಇರಬೇಕು ಅನಿಸಿದರೆ ಎರಡೇ ತೆಗೆದುಕೊಳ್ಳೋಣ. ಈ ಸಲ ನನಗೆ ಬೇಸರವಿಲ್ಲ. ಬಂದಿರಿ, ಉಂಡಿರಿ. ನನಗೆ ಸಾಕು.

ಇಂತಿ ನಿಮ್ಮ ಬೀಗಿತ್ತಿ,
ಬೈರಮ್ಮ

---

ಶ್ರೀರಂಗಪಟ್ಟಣ
೨೦ ಜನವರಿ ೨೦೨೫

ಬೈರಮ್ಮನವರೇ,

ಮೊದಲು ಕೆಟ್ಟ ಸುದ್ದಿ. ಬಾಲ್ಕನಿ ಕೋಣೆಗಳೆಲ್ಲ ಹೋಗಿಬಿಟ್ಟಿವೆ. ಕಿಟಕಿಯವೂ ಇಲ್ಲ. ಡಿಸೆಂಬರಿನಲ್ಲೇ ಹೇಳಿದ್ದರೆ ಸಿಗುತ್ತಿತ್ತು. ನಿಮ್ಮ ಮನೆಗೆ ಬರಲೋ ಬೇಡವೋ ಎಂದು ನಾನು ಒಂದು ತಿಂಗಳು ಮೀನ ಮೇಷ ಎಣಿಸುತ್ತಾ ಕೂತೆ, ಅಷ್ಟರಲ್ಲಿ ಬೇರೆಯವರು ತೆಗೆದುಕೊಂಡರು. ಬೆಳಿಗ್ಗೆ ಎದ್ದು ಬಾಗಿಲು ತೆಗೆದರೆ ಸಮುದ್ರ ಇರಬೇಕೆಂದು ಆಸೆಪಟ್ಟವರು ನೀವು. ಅದು ನನ್ನಿಂದ ತಪ್ಪಿತು. ನನಗೆ ನಿಜವಾಗಿಯೂ ಬೇಜಾರಾಗಿದೆ.

ಒಳಕೋಣೆಗಳು ಬೇಕಾದಷ್ಟಿವೆ. ನಿನ್ನೆ ರಂಜನಿ ಬಂದು, "ಹೇಗೂ ನಿಂಗೆ ಬೇಕಾಗಿದ್ದೂ ಅದೇ ಅಲ್ವಾ? ಎರಡು ತಾನೆ?" ಎಂದು ಮೊಬೈಲು ಹಿಡಿದುಕೊಂಡು ಕೂತಳು. ಮುಖ ಗಂಟು ಹಾಕಿಕೊಂಡೇ ಕೇಳಿದಳು. ಒಂದು ಸಾಕು ಎಂದೆ. ಅವಳಿಗೆ ತಿಳಿಯಲಿಲ್ಲ, ಇನ್ನೊಂದು ಸಲ ಹೇಳಿಸಿದಳು. ಈ ಮನೆಯಲ್ಲಿ ಪ್ರತಿಯೊಂದನ್ನೂ ಎರಡೆರಡು ಸಲ ಹೇಳಿಸುವವಳು ನಾನು, ನಿನ್ನೆ ಅವಳ ಸರದಿ. "ಎರಡಕ್ಕೂ ದುಡ್ಡಿದೆ ಅಮ್ಮ" ಎಂದಳು. ಗೊತ್ತು, ಒಂದೇ ತೆಗಿ, ಇಬ್ಬರ ಹೆಸರೂ ಹಾಕು ಎಂದೆ. ಅವಳು ಹೆಸರು ಹಾಕಿದಳು. ಆಮೇಲೆ ಎದ್ದು ಅಡುಗೆಮನೆಗೆ ಹೋಗಿ ಬಹಳ ಹೊತ್ತು ಬರಲೇ ಇಲ್ಲ. ನಾನೂ ಹೋಗಿ ನೋಡಲಿಲ್ಲ.

ನಿಮ್ಮನ್ನು ಕೇಳದೆ ಹೇಳಿಬಿಟ್ಟೆ. ಬೇಡವೆಂದರೆ ಬದಲಾಯಿಸಲು ಇನ್ನೂ ಅವಕಾಶವಿದೆ. ಆದರೆ ಬೇಡವೆನ್ನುವ ಮೊದಲು ಇದೊಂದನ್ನು ಓದಿ.

ನಾನು ಬೇರೆ ಕೋಣೆ ಕೇಳಿದ್ದು ಕಿವಿಗೋಸ್ಕರ ಎಂದು ನೀವು ತಿಳಿದುಕೊಂಡಿದ್ದೀರಿ. ಅರ್ಧ ಅದೇ. ಮೆಷೀನು ತೆಗೆದಿಟ್ಟ ಮೇಲೆ ನನಗೆ ಏನೇನೂ ಕೇಳುವುದಿಲ್ಲ. ಅದು ನಮ್ಮ ಮನೆಯವರನ್ನೂ ಮಕ್ಕಳನ್ನೂ ಬಿಟ್ಟರೆ ಯಾರಿಗೂ ಗೊತ್ತಿರಬಾರದು ಎಂದು ಇದ್ದವಳು ನಾನು. ಇನ್ನರ್ಧ, ನೀವು ಮೊದಲು ಅಂದುಕೊಂಡದ್ದೇ ನಿಜ. ನಿಮ್ಮ ಕಾಗದ ಓದಿದಾಗ ಕಿವಿಯ ನೆಪದಲ್ಲಿ ಎಲ್ಲವೂ ಮುಚ್ಚಿಹೋಗುತ್ತದೆ, ಹಾಗೇ ಬಿಟ್ಟುಬಿಡೋಣ ಎಂದು ಒಂದು ದಿನ ಅನಿಸಿತು. ಹಾಗೆ ಮಾಡಲು ನನಗೆ ಮನಸ್ಸು ಬರಲಿಲ್ಲ. ನಿಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ಮೊದಲ ತುತ್ತು ಮುರಿದವಳು ಬಾಯಿಗಿಡದೆ ಕೈಯಲ್ಲೇ ಹಿಡಿದುಕೊಂಡಿದ್ದೆ. ಮುದ್ದೆ ಬಿಸಿ ಇರಬೇಕು ಎಂದು ನಿಮ್ಮ ಯಜಮಾನರು ಬೀಸಣಿಗೆ ತಂದರು. ಬಿಸಿಯೇನೂ ಇರಲಿಲ್ಲ.

ಆ ರಾತ್ರಿ ನಾನು ಗಾಢ ನಿದ್ದೆ ಮಾಡಿದೆ. ಪರಸ್ಥಳದಲ್ಲಿ ನನಗೆ ಅಂಥ ನಿದ್ದೆ ಬಂದದ್ದೇ ಇಲ್ಲ. ನೀವು ಪಕ್ಕದಲ್ಲಿ ಮನಸ್ಸು ಬಿಚ್ಚುತ್ತಿದ್ದಿರಿ ಎಂದು ಈಗ ತಿಳಿಯಿತು. ಕೇಳಬೇಡಿ ಎಂದಿದ್ದೀರಿ. ಕೇಳದೆ ಇರಲು ನನಗೆ ಆಗುತ್ತಿಲ್ಲ.

ಹಗಲೆಲ್ಲ ಹಡಗಿನ ಮೇಲೆ ಹೋಗಿ ಸಮುದ್ರ ನೋಡೋಣ, ನಿಮಗೆ ಸಾಕೆನಿಸುವವರೆಗೂ. ರಾತ್ರಿ ಕೆಳಗೆ ಬಂದ ಮೇಲೆ ಅವತ್ತು ಹೇಳಿದ್ದನ್ನು ಮೊದಲಿನಿಂದ ಹೇಳಿ. ದೀಪ ಆರಿಸಬೇಡಿ, ತುಟಿ ಕಾಣದಿದ್ದರೆ ನನಗೆ ಅರ್ಧ ಮಾತು ತಪ್ಪಿಹೋಗುತ್ತದೆ. ನೀವು ಮುಗಿಸುವವರೆಗೆ ನಾನು ಮೆಷೀನು ತೆಗೆಯುವುದಿಲ್ಲ.

ನಿಮ್ಮ ಬೀಗಿತ್ತಿ,
ಇಂದಿರ